ಮಳೆಯಲ್ಲಿ ನೋಡಿದ ನಿವೇಶನ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಿರಿಯರು ಖರ್ಚನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾವು ಭಾವಿಸುತ್ತೇವೆ. ಆದರೆ ಮನೆಗೂ ಮದುವೆಗೂ ಇನ್ನೊಂದು ಸಾಮ್ಯವಿದೆ. ಎರಡರಲ್ಲಿಯೂ ಮೊದಲ ಕೆಲಸ ಆಯ್ಕೆ. ಅದೊಮ್ಮೆ ತಪ್ಪಿದರೆ ಬಾಳಿನುದ್ದಕ್ಕೂ ತೊಡಕು. ಮದುವೆಯ ವಿಷಯದಲ್ಲಿ ನಾವು ಮನೆತನವನ್ನು ವಿಚಾರಿಸಿದ ಮೇಲೆಯೇ ಓಲಗದವರನ್ನು ಗೊತ್ತುಮಾಡುತ್ತೇವೆ. ಮನೆ ಕಟ್ಟುವಾಗ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಅಡುಗೆಮನೆಯ ಕಲ್ಲು ಕಪ್ಪೋ ಬಿಳಿಯೋ ಎಂಬ ಚರ್ಚೆ ಮೊದಲು. ಕಟ್ಟುವವರು ಯಾರು ಎಂಬುದು ಅನಂತರ. ಕಟ್ಟುವುದು ಎಲ್ಲಿ ಎಂಬುದನ್ನು ಮಾತ್ರ ಯಾರೋ ಪರಿಚಯದವರ ಒಂದು ಮಾತಿನ ಮೇಲೆ ನಿರ್ಧರಿಸಿಬಿಡುತ್ತೇವೆ.

ಗುತ್ತಿಗೆದಾರನ ತಪ್ಪನ್ನು ಹಣ ಸುರಿದಾದರೂ ತಿದ್ದಬಹುದು. ಸೋರುವ ತಾರಸಿಗೆ ಔಷಧವಿದೆ, ಬಿರಿದ ಗಾರೆಗೆ ಹೊಸ ಗಾರೆಯಿದೆ. ನೆಲದ ತಪ್ಪಿಗೆ ಮದ್ದಿಲ್ಲ. ಈ ಸರಳವಾದ ಸತ್ಯವನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ನಮ್ಮ ತಾಯಿಯವರಿಂದ ಕಲಿತೆ.

ಎರಡು ನಿವೇಶನಗಳು

ನಾವಿರುವುದು ಬೆಂಗಳೂರಿನಲ್ಲಿ. 2022ರ ಹೊತ್ತಿಗೆ ನನ್ನ ಉಪನ್ಯಾಸಕ ವೃತ್ತಿಯ ಉಳಿತಾಯ, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಮಡದಿ ತೆಗೆದಿರಿಸಿದ್ದ ಹಣ, ಊರಿನಲ್ಲಿ ನಮ್ಮ ತಂದೆ ಬಿಟ್ಟುಹೋಗಿದ್ದ ಒಂದು ಎಕರೆ ತೆಂಗಿನ ತೋಟವನ್ನು ಮಾರಿ ಬಂದದ್ದು—ಇವೆಲ್ಲವೂ ಸೇರಿ ಒಂದು ನಿವೇಶನವನ್ನು ಕೊಳ್ಳುವಷ್ಟಾಗಿತ್ತು. ಕಟ್ಟುವ ಖರ್ಚಿಗೆ ಸಾಲವೇ ಗತಿ. ಎರಡನೆಯ ಸಲ ಮಾರಲು ನಮ್ಮ ಬಳಿ ಇನ್ನೊಂದು ತೋಟವಿರಲಿಲ್ಲ.

ನಮ್ಮ ಮುಂದಿದ್ದುವು ಎರಡು ನಿವೇಶನಗಳು. ಒಂದು ನಗರದ ಪೂರ್ವದ ಅಂಚಿನ ಹೊಸ ಬಡಾವಣೆಯಲ್ಲಿ. 30×50 ಅಡಿಯ ಜಾಗ, ಮುಂದೆ 40 ಅಡಿ ಅಗಲದ ರಸ್ತೆ, ಪ್ರವೇಶದಲ್ಲಿ ಕಮಾನು, ಬಡಾವಣೆಗೆ ಯಾವುದೋ ವಿಲಾಯಿತಿ ಹೂವಿನ ಹೆಸರು. ಇನ್ನೊಂದು ದಕ್ಷಿಣದ ಹಳೆಯ ಬಡಾವಣೆಯಲ್ಲಿ. 30×40ರ ಜಾಗ, ಬೀದಿ ಕಿರಿದು, ಪಕ್ಕದ ಮನೆಯ ಅಡುಗೆಯ ಒಗ್ಗರಣೆ ನಮ್ಮ ಹಜಾರಕ್ಕೆ ಕೇಳಿಸುವಷ್ಟು ನೆರೆ. ಎರಡಕ್ಕೂ ಬೆಲೆ ಹೆಚ್ಚುಕಡಮೆ ಒಂದೇ. ಅಂದರೆ ಹಳೆಯ ಬಡಾವಣೆಯನ್ನು ಆರಿಸಿಕೊಂಡರೆ 300 ಚದರಡಿ ನೆಲವನ್ನು ಬಿಟ್ಟುಕೊಟ್ಟಂತೆ. ನನ್ನ ಮನಸ್ಸು ಹೊಸ ಬಡಾವಣೆಯಲ್ಲಿ ನೆಟ್ಟಿತ್ತು. ಪುಸ್ತಕಗಳಿಗೆಂದೇ ಒಂದು ಕೋಣೆಯನ್ನು ಕಲ್ಪನೆಯಲ್ಲಿ ಕಟ್ಟಿಯೂ ಆಗಿತ್ತು.

ತಾಯಿಯವರನ್ನು ಕರೆದುಕೊಂಡು ಹೋಗಿ ಆ ಜಾಗವನ್ನು ತೋರಿಸಿದೆವು. ಅವರು ಕಮಾನನ್ನು ನೋಡಲಿಲ್ಲ. ಪಕ್ಕದ ಖಾಲಿ ನಿವೇಶನದಲ್ಲಿ ಬೆಳೆದಿದ್ದ ಜೊಂಡನ್ನು ನೋಡಿದರು. ಮಾರಾಟದ ಕಡೆಯ ಯುವಕನನ್ನು ಕೇಳಿದರು:

“ಇಲ್ಲಿ ಮೊದಲು ಏನಿತ್ತಪ್ಪಾ?”

“ಏನೂ ಇರಲಿಲ್ಲ ಅಮ್ಮಾ, ಖಾಲಿ ಜಾಗ.”

“ಏನೂ ಇಲ್ಲದ ಜಾಗ ಅಂತ ಭೂಮಿಯ ಮೇಲೆ ಇರುತ್ತದೆಯೆ?”

ಯುವಕ ನಕ್ಕ, ನಾನೂ ನಕ್ಕೆ. ದಾರಿಯಲ್ಲಿ ತಾಯಿಯವರು ಹೇಳಿದರು: “ಹೆಣ್ಣು ಕೊಡುವ ಮನೆಯ ಬಾವಿಯನ್ನು ಬೇಸಗೆಯಲ್ಲಿ ನೋಡಬೇಕು, ಮನೆ ಕಟ್ಟುವ ನೆಲವನ್ನು ಮಳೆಯಲ್ಲಿ ನೋಡಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಒಂದು ಮಳೆ ಬಂದು ಹೋಗಲಿ ಮಗು, ಆಮೇಲೆ ಮುಂಗಡ ಕೊಡುವೆಯಂತೆ.” ಮುಂಗಡಕ್ಕೆ ದಿನ ಗೊತ್ತಾಗಿತ್ತು. ಅವರ ಮಾತನ್ನು ಮೀರಲಾರದೆ ಒಂದು ವಾರದ ವಾಯಿದೆ ಕೇಳಿದೆ.

ಆ ವಾರದೊಳಗೆ 2022ರ ಸೆಪ್ಟೆಂಬರ್ ಆರಂಭದ ಮಳೆ ಬಂದಿತು. ಬೆಂಗಳೂರಿನ ಪೂರ್ವಭಾಗ ಆಗ ಕಂಡ ಅವಸ್ಥೆಯನ್ನು ವಾಚಕರು ಪತ್ರಿಕೆಗಳಲ್ಲಿ ನೋಡಿದ್ದಾರೆ. ಬೆಳ್ಳಂದೂರಿನ ಸುತ್ತ, ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ದೊಡ್ಡ ದೊಡ್ಡ ಮನೆಗಳ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ಮಳೆ ನಿಂತ ಮಾರನೆಯ ಬೆಳಿಗ್ಗೆ ನಾನೂ ನನ್ನ ಮಡದಿಯೂ ನಮ್ಮ ಬಡಾವಣೆಗೆ ಹೋದೆವು. ಕಮಾನು ನೀರಿನ ನಡುವೆ ನಿಂತಿತ್ತು. ನಿವೇಶನದ ಎಲ್ಲೆಕಲ್ಲುಗಳು ಕಾಣಲಿಲ್ಲ. ನಾನು ಪುಸ್ತಕದ ಕೋಣೆಯನ್ನು ಕಟ್ಟಿದ್ದ ಜಾಗದಲ್ಲಿ ಮೊಳಕಾಲುದ್ದ ನೀರು.

ಎತ್ತರದ ಮೂಲೆಯಲ್ಲಿದ್ದ ಚಹದಂಗಡಿಯ ಮುದುಕನನ್ನು ವಿಚಾರಿಸಿದೆ. ಆತ ಹೇಳಿದ: “ಕೆರೆ ತುಂಬಿದರೆ ಕೋಡಿ ನೀರು ಹೋಗುತ್ತಿದ್ದುದು ಇದೇ ದಾರಿ ಸ್ವಾಮಿ. ದಾರಿಯನ್ನು ಮುಚ್ಚಿದರು. ನೀರಿಗೆ ಯಾರೂ ಹೇಳಲಿಲ್ಲ.”

ನೆಲದ ನೆನಪು

ನನ್ನನ್ನು ನಾಚಿಸಿದ ಸಂಗತಿ ಇನ್ನೊಂದಿದೆ. ವಿಲಾಯಿತಿ ಹೂವಿನ ಹೆಸರಿನ ಆ ಬಡಾವಣೆ ಎದ್ದಿದ್ದ ಹಳ್ಳಿಯ ಮೂಲ ಹೆಸರು “ಸಂದ್ರ” ಎಂದು ಕೊನೆಗೊಳ್ಳುತ್ತಿತ್ತು. ಸ್ಥಳನಾಮಗಳ ಪಾಠ ಮಾಡುವಾಗ “ಸಂದ್ರ” ಎಂಬುದು “ಸಮುದ್ರ” ಸವೆದು ಆದ ರೂಪವೆಂದೂ, ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರೆಂದೂ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಪ್ಪುಹಲಗೆಯ ಮೇಲೆ ಬರೆದುದನ್ನು ನೆಲದ ಮೇಲೆ ಓದಲು ನನಗೆ ಬಾರದೆ ಹೋಯಿತು. ಸಂದ್ರ, ಕೆರೆ, ಕುಂಟೆ, ಕಟ್ಟೆ ಎಂಬ ಹೆಸರುಗಳಿದ್ದಲ್ಲೆಲ್ಲ ನೀರು ನಿಲ್ಲುತ್ತದೆಂದು ಅರ್ಥವಲ್ಲ. ಹಳ್ಳಿ ಏರಿಯ ಮೇಲಿದ್ದಿರಬಹುದು, ಕೆರೆ ಅದರ ಕೆಳಗೆ. ಆದರೆ ಅಂಥ ಹೆಸರನ್ನು ಕೇಳಿದೊಡನೆ “ಕೆರೆ ಎಲ್ಲಿತ್ತು, ಕಾಲುವೆ ಎಲ್ಲಿ ಹರಿಯುತ್ತಿತ್ತು?” ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಬೆಂಗಳೂರು ನದೀತೀರದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತಿರುವ ನಗರ ಇದು. ಇಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಹಿಂದಿನವರು ಆ ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಈ ಸರಪಳಿಯ ಎಷ್ಟೋ ಕೊಂಡಿಗಳು ಇಂದು ಇಲ್ಲ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ. 2022ರಲ್ಲಿ ಮುಳುಗಿದ ಮನೆಗಳ ಗೋಡೆಗಳು ಸೊಟ್ಟಗಿದ್ದುವೆಂದಾಗಲಿ ಸಿಮೆಂಟು ಕಳಪೆಯೆಂದಾಗಲಿ ಯಾರೂ ದೂರಲಿಲ್ಲ. ಕಟ್ಟಿದವರು ಚೆನ್ನಾಗಿಯೇ ಕಟ್ಟಿದ್ದರು. ಕಟ್ಟಿದ ಜಾಗ ನೀರಿನದಾಗಿತ್ತು.

1898ರ ಪ್ಲೇಗ್ ಮಾರಿಯ ಅನಂತರ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡಾಗ ಗಾಳಿ, ಬೆಳಕು, ಚರಂಡಿ ಇವೇ ಮೊದಲ ಚಿಂತೆಯಾಗಿದ್ದುವು. ಜನ ಬದುಕಿ ಉಳಿಯಬೇಕೆಂಬುದೇ ಆಗಿನ ಲೆಕ್ಕ. ಇಂದು ನಾವು ನಿವೇಶನ ನೋಡಲು ಹೋದಾಗ ಕಮಾನನ್ನು ಬಿಟ್ಟು ಚರಂಡಿಯನ್ನು ಮೊದಲು ನೋಡುವುದು ಲೇಸು. ಚರಂಡಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಬಡಾವಣೆಯ ಎಲ್ಲೆಯಲ್ಲಿ ಹಠಾತ್ತನೆ ನಿಂತುಹೋಗುತ್ತದೆಯೋ—ಇದನ್ನು ನಡೆದೇ ನೋಡಬೇಕು. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ, ರಾಜಕಾಲುವೆಗಳನ್ನು ಗುರುತಿಸಿರುತ್ತಾರೆ. ಸರ್ಕಾರದ “ದಿಶಾಂಕ್” ಎಂಬ ಮೊಬೈಲ್ ತಂತ್ರಾಂಶದಲ್ಲಿ ನಾವು ನಿಂತ ಜಾಗದ ಸರ್ವೆ ನಂಬರನ್ನು ನಿಂತಲ್ಲೇ ನೋಡಬಹುದು. ಹುಬ್ಬಳ್ಳಿ, ಧಾರವಾಡದ ಕಡೆಯ ವಾಚಕರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿನ ಎರೆಮಣ್ಣು ಮಳೆಯಲ್ಲಿ ಹಿಗ್ಗಿ ಬೇಸಗೆಯಲ್ಲಿ ಬಿರಿಯುತ್ತದೆ, ಅಲ್ಲಿ ಎಂಜಿನಿಯರರಿಂದ ಮಣ್ಣಿನ ಪರೀಕ್ಷೆ ಮಾಡಿಸದೆ ಬುನಾದಿ ತೋಡಬಾರದು.

ಬೇಸಗೆಯ ಪರೀಕ್ಷೆ, ಕಾಗದದ ಪರೀಕ್ಷೆ

ತಾತನ ಮಾತಿನ ಇನ್ನೊಂದು ಅರ್ಧ ಬೇಸಗೆಯ ಬಾವಿಗೆ ಸಂಬಂಧಿಸಿದುದು. ಕಾವೇರಿಯ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅದೂ ಸುಮಾರು 500 ಮೀಟರ್ ಎತ್ತರಕ್ಕೆ ಏರಿ. ಕೊಳವೆ ತಲುಪದ ಕಡೆ ಕೊಳವೆಬಾವಿಯೇ ಆಸರೆ. 2024ರ ಬೇಸಗೆಯಲ್ಲಿ ಅಂಥ ಬಾವಿಗಳು ಬತ್ತಿದಾಗ ಜನ ಟ್ಯಾಂಕರಿನ ದಾರಿ ಕಾಯುತ್ತ ಕುಳಿತರು. ಅದೇ ವರ್ಷದ ಅಕ್ಟೋಬರಿನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ಆದರೂ “ಈ ಬೀದಿಗೆ ಸಂಪರ್ಕ ಬಂದಿದೆಯೆ?” ಎಂಬುದನ್ನು ಮಾರುವವರಲ್ಲಿ ಕೇಳಬೇಡಿ. ಆ ಬೀದಿಯ ಗೃಹಿಣಿಯೊಬ್ಬರನ್ನು ಕೇಳಿ: “ಅಮ್ಮಾ, ಕಳೆದ ಏಪ್ರಿಲಿನಲ್ಲಿ ನಿಮ್ಮ ಮನೆಗೆ ಟ್ಯಾಂಕರು ಎಷ್ಟು ಸಲ ಬಂತು?” ಅವರ ಉತ್ತರದಲ್ಲಿ ತಪ್ಪಿರುವುದಿಲ್ಲ.

ಇನ್ನು ಕಾಗದಪತ್ರಗಳು. ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಕೊಂಡಿ ಎಲ್ಲಿಯೂ ಕಡಿದಿರಬಾರದು. ಋಣಭಾರ ಪ್ರಮಾಣಪತ್ರವನ್ನು ಕಡೆಯ ಪಕ್ಷ 30 ವರ್ಷಗಳಿಗೆ ತೆಗೆಸುವುದು ಕ್ಷೇಮ. ಹೊಲವಾಗಿದ್ದ ನೆಲಕ್ಕೆ ಭೂಪರಿವರ್ತನೆಯ ಆದೇಶ, ಬಡಾವಣೆಯ ನಕ್ಷೆಗೆ ಅಧಿಕಾರವುಳ್ಳ ಪ್ರಾಧಿಕಾರದ ಅನುಮೋದನೆ—ಇವನ್ನು ಕಣ್ಣಾರೆ ನೋಡಬೇಕು. “ಖಾತೆ ಇದೆ ಸಾರ್” ಎಂಬ ಮಾತಿಗೆ ಮರುಳಾಗಬಾರದು. ಖಾತೆಯೆಂಬುದು ತೆರಿಗೆಯ ಲೆಕ್ಕದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ಎಲ್ಲರ ಬಾಯಲ್ಲಿರುವ “ರೇರಾ”, ಮನೆಗಳಿಗಲ್ಲದೆ 500 ಚದರ ಮೀಟರಿಗಿಂತ ದೊಡ್ಡದಾದ ಬಡಾವಣೆಗಳಿಗೂ ಅನ್ವಯಿಸುತ್ತದೆ. ಅದರಂತೆ ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವ ಹಕ್ಕು ಬಡಾವಣೆ ಮಾಡುವವರಿಗಿಲ್ಲ. ನಾನು ಕೊಡಲು ಒಪ್ಪಿದ್ದ ಮುಂಗಡ ನೂರಕ್ಕೆ 25. ಕಾಯಿದೆಯನ್ನು ಓದಿದ್ದು ಆಮೇಲೆ.

ನಾವು ಹಳೆಯ ಬಡಾವಣೆಯ ನಿವೇಶನವನ್ನು ಕೊಂಡೆವು. ಅದೇ ಮಳೆಯ ಮಾರನೆಯ ದಿನ ಅಲ್ಲಿ ಬೀದಿಯ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು.

ಇಬ್ಬರು ಗುತ್ತಿಗೆದಾರರು

ಇನ್ನು ಕಟ್ಟುವವರ ಆಯ್ಕೆ. ಇದರಲ್ಲಿ ಎರಡು ಪದ್ಧತಿಗಳಿವೆ. ಸಾಮಗ್ರಿಯನ್ನು ನಾವೇ ತರಿಸಿ ಕೆಲಸವನ್ನಷ್ಟೇ ಮೇಸ್ತ್ರಿಗೆ ಕೊಡುವುದು ಲೇಬರ್ ಕಂಟ್ರಾಕ್ಟು; ಇಟ್ಟಿಗೆಯಿಂದ ಬಣ್ಣದವರೆಗೆ ಎಲ್ಲವನ್ನೂ ಚದರಡಿಗೆ ಇಷ್ಟೆಂದು ಒಪ್ಪಿಸುವುದು ಸಾಮಗ್ರಿಸಹಿತ ಗುತ್ತಿಗೆ. ಮೊದಲನೆಯದರಲ್ಲಿ ಹಣ ಉಳಿಯಬಹುದು. ಆದರೆ ದಿನವೂ ಬೆಳಿಗ್ಗೆ ಮರಳಿನ ಲಾರಿಯ ಹಿಂದೆ ಓಡುವ ಬಿಡುವಿರಬೇಕು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಎರಡನೆಯದೇ ಸರಿಯೆನಿಸಿತು.

ಇಬ್ಬರು ಬಂದರು. ಮೊದಲನೆಯವರು ಹಸನ್ಮುಖಿ. ತಮ್ಮ ಹೆಸರಿನ ಕಾರ್ಡಿನ ಹಿಂಬದಿಯಲ್ಲಿಯೇ ದರವನ್ನು ಬರೆದುಕೊಟ್ಟರು. ಎರಡನೆಯವರು ಹೆಚ್ಚು ಮಾತಿನವರಲ್ಲ. ಮೂರು ದಿನ ಬಿಟ್ಟು ನಾಲ್ಕು ಪುಟದ ಪಟ್ಟಿ ಕಳಿಸಿದರು. ಅವರ ದರ ಚದರಡಿಗೆ 150 ರೂಪಾಯಿ ಹೆಚ್ಚು. ನಮ್ಮದು ಎರಡು ಅಂತಸ್ತು ಸೇರಿ 18 ಚದರದ ಮನೆ, ಅಂದರೆ 1,800 ಚದರಡಿ. ವ್ಯತ್ಯಾಸ 2,70,000 ರೂಪಾಯಿ. ನಾನು ಕಾರ್ಡಿನ ಕಡೆಗೆ ವಾಲಿದೆ.

“ಸ್ವಲ್ಪ ತಾಳಿ ಅಂದ್ರೆ,” ಎಂದು ನನ್ನ ಮಡದಿ ಕಾಗದ ಪೆನ್ಸಿಲು ತೆಗೆದುಕೊಂಡು ಕುಳಿತಳು. ನಾಲ್ಕು ಪುಟದಲ್ಲಿದ್ದ ಒಂದೊಂದು ಬಾಬನ್ನೂ ಕಾರ್ಡಿನವರಿಗೆ ದೂರವಾಣಿಯಲ್ಲಿ ಕೇಳುತ್ತ ಹೋದಳು. ಸಂಪು? “ಅದು ಬೇರೆ ಮೇಡಂ.” ಕಾಂಪೌಂಡು? “ಅದೂ ಬೇರೆ.” ತಾರಸಿಯ ಮೇಲಿನ ನೀರಿನ ತೊಟ್ಟಿ, ಮೆಟ್ಟಿಲಿನ ಮೇಲಿನ ಕೋಣೆ, ಕಿಟಕಿಯ ಕಬ್ಬಿಣದ ಸರಳು, 30×40ರ ಹೊಸ ಮನೆಗೆ ನಮ್ಮ ನಗರದಲ್ಲಿ ಕಡ್ಡಾಯವಾದ ಮಳೆನೀರು ಕೊಯ್ಲಿನ ವ್ಯವಸ್ಥೆ—ಎಲ್ಲವೂ ಬೇರೆ. ಕೂಡಿದಾಗ ಅಗ್ಗದ ದರವೇ ಒಂದು ಲಕ್ಷದಷ್ಟು ದುಬಾರಿಯಾಯಿತು. ವಾಚಕರು ನೆನಪಿಡಬೇಕಾದುದು ಇಷ್ಟೆ: ಚದರಡಿಯ ದರವನ್ನು ಎಂದಿಗೂ ಒಂಟಿಯಾಗಿ ಹೋಲಿಸಬಾರದು; ಅದರೊಳಗೆ ಏನಿದೆ, ಯಾವ ಯಾವ ಜಾಗವನ್ನು ಚದರಡಿಯ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದರೊಡನೆ ಹೋಲಿಸಬೇಕು.

ಲೆಕ್ಕದ ಪರೀಕ್ಷೆ ಮುಗಿಯಿತು. ಮಳೆಯ ಪರೀಕ್ಷೆ ಉಳಿದಿತ್ತು. “ನೀವು ಕಟ್ಟಿ ಮೂರು ಮಳೆಗಾಲ ಕಂಡ ಮನೆಯೊಂದನ್ನು ತೋರಿಸಿ” ಎಂದು ಇಬ್ಬರನ್ನೂ ಕೇಳಿದೆವು. ಮೊದಲನೆಯವರು, “ಹಳೆಯದೇಕೆ ಸಾರ್? ಈಗ ಡಿಸೈನೇ ಬದಲಾಗಿದೆ” ಎಂದು ಬಣ್ಣದ ವಾಸನೆ ಇನ್ನೂ ಆರದಿದ್ದ ಮನೆಗೆ ಕರೆದೊಯ್ದರು. ಎರಡನೆಯವರು ವಿಳಾಸವನ್ನು ಕೊಟ್ಟು, “ನಾನು ಬರುವುದಿಲ್ಲ, ನೀವೇ ಹೋಗಿ ಮಾತಾಡಿಸಿ” ಎಂದರು. ಆ ಮನೆಯಾಕೆ ಬಚ್ಚಲಿನ ಹಿಂದಿನ ಗೋಡೆಯನ್ನೂ ತಾರಸಿಯ ಮೂಲೆಯನ್ನೂ ತೋರಿಸಿದರು. ಒಂದು ಕಡೆ ತೇವ ಕಾಣಿಸಿಕೊಂಡಿತ್ತಂತೆ. “ಹೇಳಿದ ನಾಲ್ಕನೆಯ ದಿನ ಬಂದು ಸರಿಮಾಡಿಕೊಟ್ಟರು. ದುಡ್ಡು ಕೇಳಲಿಲ್ಲ” ಎಂದರು. ತಪ್ಪೇ ಮಾಡದ ಗುತ್ತಿಗೆದಾರ ಸಿಗುವುದು ದುರ್ಲಭ. ಕರೆದರೆ ಬರುವವನು ಸಿಕ್ಕರೆ ಸಾಕು.

ಕರಾರಿನ ಕೆಲವು ಮಾತುಗಳು

ಕರಾರುಪತ್ರದಲ್ಲಿ ಬರೆಯದುದು ಇಲ್ಲದುದಕ್ಕೆ ಸಮ. ನಮ್ಮ ನಿವೇಶನದಲ್ಲಿ ನಾವೇ ಗುತ್ತಿಗೆ ಕೊಟ್ಟು ಕಟ್ಟಿಸುವ ಮನೆಗೆ ರೇರಾ ಕಾಯಿದೆಯ ಆಸರೆಯಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಮನೆ ಕಟ್ಟಿಕೊಡುವುದನ್ನೂ “ಸೇವೆ” ಎಂದು ಪರಿಗಣಿಸಿದ್ದಾರೆ. ಆ ಬಾಗಿಲನ್ನು ತಟ್ಟಬೇಕಾಗಿ ಬಂದರೆ ಕೈಯಲ್ಲಿ ಕರಾರೂ ರಸೀದಿಗಳೂ ಇರಬೇಕು. ಆದುದರಿಂದ ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ, ಬ್ಯಾಂಕಿನ ಮೂಲಕವೇ ಕೊಡಿ. ಬುನಾದಿ ಮುಗಿಯುವ ಮೊದಲು ತಾರಸಿಯ ಹಣವನ್ನು ಕೊಡಬೇಡಿ.

ಕಾಂಕ್ರೀಟಿನ ವಿಷಯದಲ್ಲಿ ನಮ್ಮಂಥ ಅನಭಿಜ್ಞರೂ ಎರಡು ಸಂಗತಿಗಳನ್ನು ಗಮನಿಸಬಹುದು. ಮೊದಲನೆಯದು ನೀರಿನ ಅಳತೆ. 50 ಕಿಲೋ ಸಿಮೆಂಟಿನ ಚೀಲಕ್ಕೆ ಸುಮಾರು 25 ಲೀಟರ್ ನೀರು ಸಾಕು. ಸುರಿಯಲು ಸುಲಭವಾಗಲೆಂದು ಆಳುಗಳು ಹೆಚ್ಚು ಬೆರೆಸಿದಷ್ಟೂ ಗಟ್ಟಿತನ ಕುಗ್ಗುತ್ತದೆ. ಎರಡನೆಯದು ಕ್ಯೂರಿಂಗು, ಎಂದರೆ ಕಾಂಕ್ರೀಟಿಗೆ ನೀರುಣಿಸುವುದು. ಸಾಮಾನ್ಯ ಸಿಮೆಂಟಾದರೆ ಕಡೆಯ ಪಕ್ಷ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ತಾರಸಿ ಸತತವಾಗಿ ಒದ್ದೆಯಾಗಿರಬೇಕು. ಬೆರೆಸುವಾಗ ನೀರು ಕಡಮೆ, ಬೆರೆಸಿದ ಮೇಲೆ ನೀರು ಧಾರಾಳ—ಇದು ಸೂತ್ರ. ಅನೇಕ ಕಡೆ ನಡೆಯುವುದು ಇದಕ್ಕೆ ತದ್ವಿರುದ್ಧ.

ನಮ್ಮ ತಾರಸಿಗೆ ಕಾಂಕ್ರೀಟು ಬಿದ್ದುದು 2024ರ ಮಾರ್ಚಿಯಲ್ಲಿ, ನೀರಿನ ಬರದ ನಡುವೆ. ಕಟ್ಟಡದ ಕೆಲಸಕ್ಕೆ ಕುಡಿಯುವ ನೀರನ್ನು ಬಳಸಕೂಡದೆಂದು ಜಲಮಂಡಳಿಯ ಆಜ್ಞೆಯಾಗಿತ್ತು. ಆ ಸಂಜೆ ಗುತ್ತಿಗೆದಾರರು ಮನೆಗೆ ಬಂದರು. “ಮೇಷ್ಟ್ರೇ, ಸಂಸ್ಕರಿಸಿದ ನೀರನ್ನು ಟ್ಯಾಂಕರಿನಲ್ಲಿ ತರಿಸಬೇಕು. ಇದು ನಮ್ಮ ಕರಾರಿನಲ್ಲಿಲ್ಲ. ಅರ್ಧ ನೀವು ಕೊಡಿ, ಅರ್ಧ ನಾನು ಹಾಕಿಕೊಳ್ಳುತ್ತೇನೆ. ಹತ್ತು ದಿನದಲ್ಲಿ ಒಂದು ದಿನವನ್ನೂ ಬಿಡುವುದಕ್ಕಾಗುವುದಿಲ್ಲ” ಎಂದರು. ನಾಲ್ಕು ದಿನಕ್ಕೆ ನಿಲ್ಲಿಸಿದ್ದರೂ ಅಂದು ನಮಗೆ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಚದರಡಿಗೆ 150 ರೂಪಾಯಿ ಹೆಚ್ಚು ಕೊಟ್ಟುದು ಎಲ್ಲಿ ಹೋಯಿತೆಂದು ಅಂದು ನನಗೆ ಅರ್ಥವಾಯಿತು.

ಕರಾರಿನಲ್ಲಿ ನಾವು ಸೇರಿಸಿದ್ದ ಕೊನೆಯ ಮಾತೊಂದಿತ್ತು: ಕಡೆಯ ಕಂತಿನ ಹಣ ಮನೆ ಒಂದು ಮಳೆಗಾಲವನ್ನು ಕಂಡ ಮೇಲೆ. ಇದನ್ನು ಹೇಳಿದಾಗ ಅವರು ನಕ್ಕು ರುಜು ಹಾಕಿದ್ದರು. 2024ರ ಕಾರ್ತಿಕದಲ್ಲಿ ಹಾಲುಕ್ಕಿಸಿ ಒಕ್ಕಲಾದೆವು. 2025ರ ಮಳೆಗಾಲ ಮುಗಿದ ಮೇಲೆ ಆ ಹಣವನ್ನು ಸಲ್ಲಿಸಿದೆವು.

ನಮ್ಮ ಮನೆಯಲ್ಲಿ ಪುಸ್ತಕಗಳಿಗೆ ಕೋಣೆಯಿಲ್ಲ. ಅವು ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಒತ್ತೊತ್ತಾಗಿ ಕುಳಿತಿವೆ. ಬೀದಿಯಲ್ಲಿ ಎದುರಿನಿಂದ ಒಂದು ವಾಹನ ಬಂದರೆ ನಾವು ಹಿಂದೆ ಸರಿಯಬೇಕು. ಒಗ್ಗರಣೆಯ ಸದ್ದಂತೂ ನಿತ್ಯದ್ದು. ಬಿಟ್ಟುಕೊಟ್ಟ 300 ಚದರಡಿಯ ನೆನಪು ನನಗೆ ಆಗಾಗ ಬರುವುದುಂಟು, ಬರುವುದಿಲ್ಲವೆಂದರೆ ಸುಳ್ಳಾದೀತು. ಆದರೆ ರಾತ್ರಿ ಜೋರಾಗಿ ಮಳೆ ಹೊಡೆದಾಗ ನಮ್ಮ ಮನೆಯಲ್ಲಿ ಯಾರೂ ಏಳುವುದಿಲ್ಲ. ತಾಯಿಯವರು ಮಾತ್ರ ಬೆಳಿಗ್ಗೆ ಬಾಗಿಲು ತೆರೆದು, ತುಳಸಿಕಟ್ಟೆಯ ಮುಂದೆ ನೀರು ಹರಿದುಹೋಗಿ ನೆಲ ತೊಳೆದಂತಾಗಿರುವುದನ್ನು ನೋಡಿ, ರಂಗೋಲಿಯ ಬಟ್ಟಲನ್ನು ತರುತ್ತಾರೆ.

ಈ ಭಾನುವಾರ ನಿವೇಶನ ನೋಡಲು ಹೊರಟಿರುವ ವಾಚಕರು ಇದ್ದಾರು. ಅವರಲ್ಲಿ ನನ್ನದೊಂದೇ ವಿಜ್ಞಾಪನೆ: ಹೊರಡುವ ಮುನ್ನ ಆಕಾಶವನ್ನು ನೋಡಿ. ಮೋಡ ಕವಿದಿದ್ದರೆ ಪ್ರಯಾಣವನ್ನು ಮುಂದೂಡಬೇಡಿ. ಕೊಡೆ ಹಿಡಿದುಕೊಂಡು ಹೊರಡಿ.